ಅರ್ಧ ತುಂಬಿಸಿದ ರೌಂಡು

ನರಸಾಪುರದ ನಮ್ಮ ಫ್ಯಾಕ್ಟರಿಯಲ್ಲಿ ಎಂಟು ಗಂಟೆಯೂ ನಿಂತೇ ಕೆಲಸ. ಗಾಡಿಗಳಿಗೆ ಹಾಕುವ ವೈರುಗಳನ್ನು ಕಟ್ಟು ಕಟ್ಟಿ, ತುದಿಗೆ ಪಿನ್ನು ಕೂರಿಸಿ ಮುಂದಿನವಳಿಗೆ ತಳ್ಳಬೇಕು. ಕುರ್ಚಿ ಕಾಣುವುದು ಕ್ಯಾಂಟೀನಿನಲ್ಲಿ ಮಾತ್ರ, ಅದೂ ಅರ್ಧ ಗಂಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಕುರ್ಚಿಯ ಆಸೆಗೆ ನಾವು ಮೋಸ ಹೋದೆವು ಎಂದರೆ ಹೊರಗಿನವರು ನಗುತ್ತಾರೆ, ನಿಂತು ಕೆಲಸ ಮಾಡಿದವರು ನಗುವುದಿಲ್ಲ.

ನಾವು ಎಂದರೆ ಮೂವರು. ಲೈನಿನಲ್ಲಿ ನಮ್ಮನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಊರು ಹಿಡಿದೇ ಕರೆಯುತ್ತಿದ್ದರು. ನಾನು ಮುಳಬಾಗಿಲಿನವಳು, ಮೂವರಲ್ಲಿ ವಯಸ್ಸಿಗೆ ದೊಡ್ಡವಳು, ಬಾಯಿಯೂ ದೊಡ್ಡದು. ಯಲ್ದೂರಿನವಳು ಆರು ವರ್ಷ ನನ್ನ ಬಲಗಡೆ ನಿಂತವಳು. ನನ್ನ ಕೈ ನಿಧಾನವಾದ ದಿನ ತನ್ನ ಕೆಲಸದ ಜೊತೆ ನನ್ನದನ್ನೂ ಎಳೆದುಕೊಂಡು ಮುಗಿಸುತ್ತಿದ್ದಳು, ಆಮೇಲೆ ಅದನ್ನೇ ವಾರವಿಡೀ ಆಡಿಕೊಳ್ಳುತ್ತಿದ್ದಳು. ನಂಗಲಿಯವಳು ಕಂಪನಿ ಬಸ್ಸಿನಲ್ಲಿ ನನ್ನ ಪಕ್ಕದವಳು. ಬಸ್ಸು ಅವಳ ಊರಿಂದಲೇ ಹೊರಡುತ್ತಿತ್ತು. ಪಕ್ಕದ ಸೀಟಿಗೆ ಬ್ಯಾಗಿಟ್ಟು, ಮುಳಬಾಗಿಲಿನಲ್ಲಿ ನಾನು ಹತ್ತುವವರೆಗೂ ಕಾಯುತ್ತಿದ್ದಳು. ಯಾರಾದರೂ ಬ್ಯಾಗು ಸರಿಸಲು ಹೋದರೆ ತೆಲುಗಿನಲ್ಲಿ ಜಗಳಕ್ಕೆ ನಿಲ್ಲುವಳು. ಕನ್ನಡದಲ್ಲಿ ಮಾತ್ರ ಅವಳಷ್ಟು ಸಾಧು ಇನ್ನೊಬ್ಬಳಿರಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಲೈನ್ ಲೀಡರ್ ನನ್ನ ಕೈಗೆ ಒಂದು ಹಾಳೆ ಕೊಟ್ಟ. ಲೈನಿನವರೆಲ್ಲರ ಹೆಸರು, ಪ್ರತಿ ಹೆಸರಿನ ಮುಂದೆ ನಾಲ್ಕು ಭಾಗ ಮಾಡಿದ ಒಂದು ರೌಂಡು. ಕೆಲಸ ಪೂರ್ತಿ ಬರುವವಳಿಗೆ ನಾಲ್ಕೂ ಭಾಗ ಕಪ್ಪಾಗಿ ತುಂಬಿಸಬೇಕು, ಇನ್ನೂ ಕಲಿಯುತ್ತಿರುವವಳಿಗೆ ಒಂದೋ ಎರಡೋ.

“ನೀನು ಸೀನಿಯರ್ ಅಲ್ವಾ, ನೀನೇ ತುಂಬ್ಸಿ ಸೈನ್ ಹಾಕ್ಕೊಡು,” ಎಂದ. “ಕಮ್ಮಿ ಇರೋರ್ಗೆಲ್ಲ ಮೇಲ್ಗಡೆ ಒಂದು ವಾರ ಟ್ರೈನಿಂಗ್ ಕೊಡ್ತಾರೆ. ನಿನ್ದು ನಾನು ತುಂಬ್ತೀನಿ.”

ಮೇಲ್ಗಡೆ ಎಂದರೆ ಎ.ಸಿ. ರೂಮು, ಮೆತ್ತನೆಯ ಕುರ್ಚಿ, ದಿನಕ್ಕೆರಡು ಸಲ ಕಾಫಿ ಬಿಸ್ಕತ್ತು. ಯಲ್ದೂರಿನವಳಿಗೆ ಸೊಂಟ ನೋವು, ಮಾತ್ರೆ ನುಂಗಿ ನಿಲ್ಲುತ್ತಿದ್ದಳು. ಸುದ್ದಿ ಕೇಳಿದ್ದೇ ಅವಳ ಮುಖ ಅರಳಿತು.

“ಅಕ್ಕ, ನಂಗೆ ಅರ್ಧ ಹಾಕ್ಬಿಡು. ಒಂದು ವಾರನಾದ್ರೂ ನನ್ ಸೊಂಟ ಸುಖವಾಗಿರ್ಲಿ.”

“ಏನೇ, ಆರು ವರ್ಷದಿಂದ ನಿಂತಿರೋಳಿಗೆ ಕೆಲ್ಸ ಬರಲ್ಲ ಅಂತ ಬರೀಲಾ?”

“ಬರಿ. ಯಾರು ನೋಡ್ತಾರೆ ಅದನ್ನ.”

ಬರೆದೆ. ಎರಡು ಭಾಗ ತುಂಬಿಸಿ ಎರಡು ಖಾಲಿ ಬಿಟ್ಟೆ. ಅವತ್ತು ನಂಗಲಿಯವಳು ರಜೆ, ಅಣ್ಣನ ಮಗಳಿಗೆ ಕಿವಿ ಚುಚ್ಚುವ ಕಾರ್ಯಕ್ಕೆ ಹೋಗಿದ್ದಳು. ಇಡೀ ಲೈನಿನಲ್ಲಿ ಯಾವ ಜಾಗದಲ್ಲಿ ನಿಲ್ಲಿಸಿದರೂ ಕೆಲಸ ತೆಗೆಯುವವಳು ಅವಳೊಬ್ಬಳೇ. ಅವಳಿಗೆ ಪೂರ್ತಿ ಹಾಕಲು ಹೊರಟಿದ್ದೆ.

“ಅವ್ಳಿಗೂ ಅರ್ಧ ಹಾಕು,” ಎಂದಳು ಯಲ್ದೂರಿನವಳು. “ನಾನೊಬ್ಳೇ ಮೇಲ್ಗೋಗಿ ಏನ್ಮಾಡ್ಲಿ?”

ನನಗೂ ಸರಿ ಎನಿಸಿತು. ಬಂದ ಮೇಲೆ ಹೇಳಿ ನಗಿಸೋಣ ಎಂದುಕೊಂಡು ಅವಳಿಗೂ ಅರ್ಧ ಹಾಕಿ ಸೈನ್ ಮಾಡಿಕೊಟ್ಟೆ. ಮರುದಿನ ಬಸ್ಸಿನಲ್ಲಿ ಅವಳು ಕಾರ್ಯದ ಊಟದ ಕಥೆ ಶುರು ಮಾಡಿದಳು. ಯಾರು ಯಾವ ಸೀರೆ ಉಟ್ಟಿದ್ದರು, ಯಾವ ಅತ್ತಿಗೆ ಯಾರ ಮೇಲೆ ಮುನಿಸಿಕೊಂಡಳು ಎನ್ನುವುದರೊಳಗೆ ನರಸಾಪುರ ಬಂತು. ಹಾಳೆಯ ವಿಷಯ ಮರೆತೇಹೋಯಿತು.

ತಿಂಗಳು ಕಳೆದಿರಬಹುದು. ಬೆಳಗಿನ ಶಿಫ್ಟಿನಲ್ಲಿ ಲೀಡರ್ ಬಂದು ನಮ್ಮ ಲೈನಿನ ಏಳೆಂಟು ಮಂದಿಯನ್ನು ಕರೆದು, ಮೇಲ್ಗಡೆ ಹೋಗಬೇಕೆಂದ. ಯಲ್ದೂರಿನವಳು ಗ್ಲೌಸು ಬಿಚ್ಚುತ್ತಾ ನನಗೆ ಕಣ್ಣು ಹೊಡೆದಳು. “ನೀನು ನಿಂತಿರಕ್ಕ, ನಾವು ಕೂತು ಬರ್ತೀವಿ,” ಎಂದು ಹೋದಳು. ನಂಗಲಿಯವಳು ಏನು ಎತ್ತ ತಿಳಿಯದೆ ಅವಳ ಹಿಂದೆ ಹೋದಳು. ಲೀಡರ್ ನನ್ನ ರೌಂಡನ್ನು ಪೂರ್ತಿ ತುಂಬಿಸಿದ್ದಾನೆಂದು ನನಗೆ ಆಗ ತಿಳಿಯಿತು, ಹೊಟ್ಟೆ ಉರಿಯಿತು. ಊಟದ ಹೊತ್ತಿಗೂ ಅವರು ಇಳಿದು ಬರಲಿಲ್ಲ. ಮೇಲೆಯೇ ಊಟ ಹಾಕಿಸಿರಬೇಕು, ನನ್ನ ನೆನಪೂ ಇಲ್ಲ ಇವರಿಗೆ ಎಂದು ಮುನಿಸಿಕೊಂಡು ಒಬ್ಬಳೇ ತಿಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರ ಕೆಲಸ ಹೋಗುತ್ತಿದ್ದ ಹೊತ್ತಿನಲ್ಲಿ ನಾನು ಕಾಫಿ ಬಿಸ್ಕತ್ತಿಗಾಗಿ ಸಿಟ್ಟು ಮಾಡಿಕೊಂಡು ಕೂತಿದ್ದೆ.

ಮಧ್ಯಾಹ್ನ ಸೆಕ್ಯುರಿಟಿಯವಳು ಬಂದು ಅವರ ಊಟದ ಬ್ಯಾಗುಗಳನ್ನು ತೆಗೆದುಕೊಂಡಳು. ಯಾಕೆ ಎಂದು ಕೇಳಿದೆ.

“ಆರ್ಡರ್ ಕಮ್ಮಿ ಆಗಿದ್ಯಂತಮ್ಮ. ಐಡಿ ಕಾರ್ಡ್ ಇಸ್ಕೊಂಡು ಹಿಂದ್ಗಡೆ ಗೇಟಿಂದ ಕಳಿಸ್ಬಿಟ್ರು. ಬ್ಯಾಗ್ ಕೊಟ್ಬಿಟ್ಟು ಬರ್ತೀನಿ.”

ಲೈನು ಬಿಟ್ಟು ಹೋಗಿ ಲೀಡರ್ ಮುಂದೆ ನಿಂತೆ. “ಟ್ರೈನಿಂಗ್ ಅಂದ್ಯಲ್ಲಪ್ಪ?”

“ನಂಗೂ ಹಂಗೇ ಹೇಳಿದ್ರು. ನೀನು ಬರ್ದಿದ್ದನ್ನೇ ಮೇಲೆ ಕೊಟ್ಟೆ,” ಎಂದ, ಫೋನಿನಿಂದ ಕಣ್ಣೆತ್ತದೆ.

ಕಪಾಳಕ್ಕೆ ಬಾರಿಸಬೇಕೆನಿಸಿತು. ಬಾರಿಸಿದ್ದರೆ ನನ್ನ ಕಾರ್ಡನ್ನೂ ಇಸಿದುಕೊಳ್ಳುತ್ತಿದ್ದರು, ಮನೆಯಲ್ಲಿ ಓದುವ ಮಕ್ಕಳಿಬ್ಬರು. ಹಿಂದಕ್ಕೆ ಬಂದು ನನ್ನ ಜಾಗದಲ್ಲಿ ನಿಂತುಕೊಂಡೆ. ಮುಂದಿನ ವಾರ ಮಾಲೂರು ಕಡೆಯಿಂದ ಕಾಂಟ್ರಾಕ್ಟ್ ಹುಡುಗಿಯರು ಬಂದರು, ಅವರಿಗೆ ಕಲಿಸಲು ನನಗೇ ಹೇಳಿದರು. ಆರ್ಡರ್ ಇಲ್ಲದಿದ್ದರೆ ಇವರು ಯಾಕೆ ಎಂದು ಕೇಳಬೇಕಿತ್ತು. ನನ್ನ ದೊಡ್ಡ ಬಾಯಿ ಅವತ್ತು ಹೊಲಿದುಹೋಗಿತ್ತು.

ಯಲ್ದೂರಿನವಳು ನನ್ನ ಫೋನು ಎತ್ತಲಿಲ್ಲ. ಬಸ್ಸಿನಲ್ಲಿ ನಾನು ಹತ್ತಿದರೆ ಮಾತು ನಿಲ್ಲುತ್ತಿತ್ತು. ಕೊನೆಗೆ ಬೇರೆ ಲೈನಿನವಳೊಬ್ಬಳು ಬಾಯಿಬಿಟ್ಟಳು.

“ಮೇಲ್ಗಡೆ ಅವ್ರಿಗೆ ನಿನ್ ಸೈನ್ ಇರೋ ಹಾಳೆ ತೋರ್ಸಿದ್ರಂತೆ. ತನ್ ಕೆಲ್ಸ ಉಳಿಸ್ಕೊಳೋಕೆ ನಮ್ದು ಕಿತ್ತಾಕಿದ್ಲು ಅಂತ ಯಲ್ದೂರೋಳು ಎಲ್ರಿಗೂ ಹೇಳ್ತಾವ್ಳೆ. ನಂಗಲಿಯೋಳು ಮಾತ್ರ ಒಪ್ಪಲ್ಲ. ಅಕ್ಕ ಅಂಥೋಳಲ್ಲ ಅಂತ ಎಲ್ರತ್ರಾನೂ ಜಗಳ ಆಡ್ತಾವ್ಳೆ.”

ಭಾನುವಾರ ಯಲ್ದೂರಿಗೆ ಹೋದೆ. ಜಗುಲಿಯ ಮೇಲೆ ಅವಳ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಇವಳು ಒಳಗಿಂದ ಬಂದು ಬಾಗಿಲಲ್ಲಿ ನಿಂತಳು, ಕೂತುಕೋ ಎನ್ನಲಿಲ್ಲ.

“ಅರ್ಧ ಹಾಕು ಅಂದಿದ್ದು ನೀನೇ ಅಲ್ವೇನೇ?” ಎಂದೆ. “ಅದನ್ನ ಯಾಕೆ ಯಾರಿಗೂ ಹೇಳಲ್ಲ?”

ಅವಳು ಒಮ್ಮೆ ಅತ್ತೆಯ ಕಡೆ ನೋಡಿದಳು. “ನಾನಾ? ನನ್ ಕೆಲ್ಸ ಕಿತ್ಕೊಳ್ಳಿ ಅಂತ ನಾನೇ ಕೇಳ್ತೀನಾ?”

“ಅಕ್ಕ ಅಕ್ಕ ಅಂತ ನಿನ್ ಹೆಸ್ರೇ ಹೇಳ್ತಿದ್ಲಲ್ಲಮ್ಮ ಇವ್ಳು,” ಎಂದರು ಅತ್ತೆ, ಕಾಯಿಂದ ಕೈ ತೆಗೆಯದೆ.

ಅವಳ ಕಷ್ಟ ನನಗೆ ಅರ್ಥವಾಗದೆ ಇರಲಿಲ್ಲ. ಕುರ್ಚಿಯ ಆಸೆಗೆ ಕೆಲಸ ಬರುವುದಿಲ್ಲವೆಂದು ಬರೆಸಿಕೊಂಡೆ ಎಂದು ಆ ಮನೆಯಲ್ಲಿ ಯಾವ ಬಾಯಿಂದ ಹೇಳಿಯಾಳು? ಆದರೂ ಸಿಟ್ಟು ಇಳಿಯಲಿಲ್ಲ. ಕಂಪನಿ ಮಾಡಿದ ಮೋಸ ಒಂದು ತೂಕ, ಇದೇ ಒಂದು ತೂಕ. ಕಂಪನಿ ನನ್ನ ಜೊತೆ ಒಂದೇ ಡಬ್ಬಿಯಲ್ಲಿ ಉಂಡಿರಲಿಲ್ಲ. ಬಸ್‌ಸ್ಟಾಪಿನವರೆಗೆ ಅಳುತ್ತಲೇ ನಡೆದೆ, ದಾರಿಯಲ್ಲಿ ಅವಳನ್ನು ಬಾಯಿಗೆ ಬಂದಂತೆ ಬೈದೆ.

ಮುಂದಿನ ವಾರದ ರಜೆಗೆ ನಂಗಲಿಗೆ ಹೋದೆ. ನನ್ನ ಪರವಾಗಿ ಉಳಿದಿದ್ದವಳು ಅವಳೊಬ್ಬಳೇ. ಅವಳ ಮುಂದೆ ಕೂತು ಯಲ್ದೂರಿನವಳನ್ನು ಬೈದು ಹಗುರಾಗಬೇಕಿತ್ತು. ಹೈವೇ ಪಕ್ಕದಲ್ಲಿ ಲಾರಿಗಳು ನಿಲ್ಲುವ ಒಂದು ಹೋಟೆಲಿನಲ್ಲಿ ಅವಳು ಚಪಾತಿ ಒತ್ತುವ ಕೆಲಸಕ್ಕೆ ಸೇರಿದ್ದಳು. ಅಲ್ಲಿಯೂ ನಿಂತೇ ಕೆಲಸ. ನನ್ನನ್ನು ಕಂಡದ್ದೇ “ಅಕ್ಕಾ, ರಾ ರಾ” ಎಂದು ಹಿಟ್ಟಿನ ಕೈಯಲ್ಲೇ ತಬ್ಬಿಕೊಂಡಳು.

“ನಾಲ್ಕಕ್ಕೆ ಬಿಡ್ತಾರೆ. ಮನೆಗೋಗೋಣ, ಉಂಡ್ಕೊಂಡೇ ಹೋಗ್ಬೇಕು ನೀನು.”

ಯಲ್ದೂರಿನಲ್ಲಿ ನಡೆದದ್ದನ್ನು ಹೇಳಿದೆ.

“ಅವ್ಳ ಮಾತು ಬಿಡಕ್ಕ. ಆ ಹಾಳೇಲಿ ನಂಗೂ ಅರ್ಧ ಇತ್ತು. ಅದನ್ನ ಲೀಡರೇ ತಿದ್ದಿರ್ಬೇಕು, ಅಕ್ಕ ನಂಗೆ ಪೂರ್ತಿ ಹಾಕಿರ್ತಾಳೆ ಅಂತ ಎಲ್ರಿಗೂ ಹೇಳಿದೀನಿ. ಅಲ್ವಾ ಅಕ್ಕ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅವಳ ಮುಖ ನೋಡಿಕೊಂಡು ಆ ಮಾತು ಬರಲಿಲ್ಲ.

“ನಾನೇ ಹಾಕಿದ್ದು,” ಎಂದೆ. ತಕ್ಷಣ ಸೇರಿಸಿದೆ, “ಯಲ್ದೂರೋಳೇ ಹಾಕು ಅಂದ್ಲು ಕಣೇ. ನಾನು ಪೂರ್ತಿ ಹಾಕೋಳಿದ್ದೆ, ಅವ್ಳೇ ಹಾಕ್ಸಿದ್ಲು.”

ಹೇಳುತ್ತಿದ್ದಂತೆ ನನ್ನ ದನಿ ನನಗೇ ಹೇಸಿಗೆಯಾಯಿತು. ಅವಳ ಕೈ ಲಟ್ಟಣಿಗೆಯ ಮೇಲೆ ನಿಂತಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮೆಲ್ಲಗೆ ಕೇಳಿದಳು.

“ಮಾರನೇ ದಿನ ಬಸ್ಸಲ್ಲಿ ನಿನ್ ಪಕ್ದಲ್ಲೇ ಕೂತಿದ್ನಲ್ಲಕ್ಕ. ಯಾಕೆ ಹೇಳ್ಲಿಲ್ಲ? ಹೇಳಿದ್ರೆ ನಾನೇ ಹೋಗಿ ಸರಿ ಮಾಡಿಸ್ಕೋತಿದ್ದೆ.”

“ಮರ್ತೋಯ್ತು,” ಎಂದೆ. ಅದು ನಿಜ, ಮತ್ತು ಅದಕ್ಕಿಂತ ಬೇರೆ ಕಾರಣ ನನ್ನ ಹತ್ತಿರ ಇರಲಿಲ್ಲ.

ಅವಳು ಮುಂದಿನ ಉಂಡೆ ತೆಗೆದುಕೊಂಡು ಒತ್ತಲು ಶುರು ಮಾಡಿದಳು. “ನೀನು ಹೊರಡಕ್ಕ. ಇವತ್ತು ನಂಗೆ ಲೇಟಾಗುತ್ತೆ.”

ಹೊರಗೆ ಬಂದು ಮುಳಬಾಗಿಲಿನ ಬಸ್ಸಿಗೆ ನಿಂತೆ. ಎರಡು ಬಸ್ಸು ಬಂದವು, ಹತ್ತಲಿಲ್ಲ. ಸರಿಯಾಗಿ ನಾಲ್ಕು ಗಂಟೆಗೆ ಅವಳು ಹೋಟೆಲಿನಿಂದ ಹೊರಗೆ ಬಂದು, ನಾನು ನಿಂತಿದ್ದ ಕಡೆ ನೋಡದೆ, ಲಾರಿಗಳ ನಡುವೆ ಹೈವೇ ದಾಟಿ ಮನೆಗೆ ಹೋದಳು.