ಎಂಜಿನ್ನಿಗೆ ಒದ್ದೆ ಬಟ್ಟೆ ಹೊದಿಸಿದ ಲೋರ್ನಾ

ಅರವತ್ತು ತುಂಬುವವರೆಗೆ ಲೋರ್ನಾ ಟ್ರೆಲೋರ್ ರೇಸ್ ಕಾರಿನ ಸ್ಟೀರಿಂಗ್ ಮುಟ್ಟಿದವಳಲ್ಲ. ಮೂವತ್ತೊಂದು ವರ್ಷ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ದುಡಿದು ನಿವೃತ್ತಳಾದಳು. ಭಾನುವಾರ ರಜೆ ಸಿಕ್ಕಾಗಲೆಲ್ಲ ನಮ್ಮ ಕಾರ್ ರೇಸ್ ಕ್ಲಬ್ಬಿನ ಗುಡ್ಡದ ಬುಡದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ನೊಣ ಓಡಿಸುತ್ತ ಕೂತಿರುತ್ತಿದ್ದಳು. ಕಾರು ಓಡಿಸುತ್ತಿದ್ದವನು ಅವಳ ಗಂಡ ಗಾರ್ತ್. ಅವಳದು ಫ್ಲಾಸ್ಕಿನಿಂದ ಚಹಾ ಬಗ್ಗಿಸುವ ಕೆಲಸ.

ನಾನು ಅದೇ ಕ್ಲಬ್ಬಿನಲ್ಲಿ ಬಾವುಟ ಹಿಡಿದು ಕಾರುಗಳನ್ನು ಬಿಡುವವನು. ಹಾಗಾಗಿ ಇಲ್ಲಿ ಹೇಳುವುದನ್ನೆಲ್ಲ ಹತ್ತಿಪ್ಪತ್ತು ಹೆಜ್ಜೆ ದೂರದಿಂದ ಕಣ್ಣಾರೆ ಕಂಡಿದ್ದೇನೆ.

ಗುಡ್ಡವೆಂದರೆ ದೊಡ್ಡದೇನಲ್ಲ. ಕುರಿ ಸಾಕುವವನೊಬ್ಬನ ಜಮೀನಿನಲ್ಲಿ ಹಳೆಯ ಕಲ್ಲುಗಣಿಗೆ ಹೋಗುವ ಡಾಂಬರು ದಾರಿ. ಒಂದೂಕಾಲು ಕಿಲೋಮೀಟರ್, ಎಂಟು ತಿರುವು. ಕಾರುಗಳು ಒಂದೊಂದಾಗಿ ಏರುತ್ತವೆ, ತೆಗೆದುಕೊಂಡ ಸಮಯ ಅಳೆಯುತ್ತೇವೆ. ದಿನಕ್ಕೆ ನಾಲ್ಕು ಸರದಿ. ನಾಲ್ಕರಲ್ಲಿ ಚೆನ್ನಾಗಿ ಬಂದದ್ದು ಲೆಕ್ಕಕ್ಕೆ. ಏರುವುದಕ್ಕೆ ಒಂದು ನಿಮಿಷವೂ ಬೇಡ. ಮುಂದಿನ ಸರದಿ ಬರುವುದಕ್ಕೆ ಒಂದು ಗಂಟೆ ಬೇಕು. ಕಾಯುವುದು ಬಾರದವರು ಈ ಆಟಕ್ಕೆ ಬರಬಾರದು.

ಗಾರ್ತ್ ಮೊದಲ ಸರದಿಯಲ್ಲಿ ಚೆನ್ನಾಗಿಯೇ ಏರುತ್ತಿದ್ದ. ಎರಡನೆಯದರಲ್ಲಿ ಸ್ವಲ್ಪ ತಡ. ಮೂರನೆಯದರಲ್ಲಿ ಕಾರು ಕೆಮ್ಮುತ್ತಿತ್ತು. ನಾಲ್ಕನೆಯದಕ್ಕೆ ಕೆಲವೊಮ್ಮೆ ಹೊರಡುವ ಗೆರೆಯ ಹತ್ತಿರ ಬರುವ ಮೊದಲೇ ನಿಂತುಬಿಡುತ್ತಿತ್ತು. ಅವನು ಇಳಿದು ಟೈರಿಗೆ ಒದೆಯುತ್ತಿದ್ದ.

"ಬಿಸಿ ಕಣೋ ಅದು," ಎನ್ನುತ್ತಿದ್ದಳು ಲೋರ್ನಾ. "ಕೆಳಗ್ ಬಂದ್ ತಕ್ಷಣ ಆಫ್ ಮಾಡ್ತೀಯ, ಬಾನೆಟ್ ಮುಚ್ಚೇ ಇಟ್ಟು ಹರಟೆ ಹೊಡಿಯೋಕ್ ಹೋಗ್ತೀಯ. ಒಳಗಿನ್ ನೀರು ಓಡಾಡೋದು ಅಲ್ಲಿಗೇ ನಿಂತೋಗತ್ತೆ. ಕಬ್ಬಿಣದ್ ಬಿಸಿ ಎಲ್ಲಿಗ್ ಹೋಗ್ಬೇಕು? ಪೆಟ್ರೋಲನ್ನೇ ಕುದಿಸತ್ತೆ."

"ಲೋರ್ನಾ, ಆಫ್ ಮಾಡಿದ್ರೆ ಎಂಜಿನ್ ತಣ್ಣಗಾಗತ್ತೆ. ಅದಕ್ಕೇ ಆಫ್ ಮಾಡೋದು."

"ನಮ್ ಲಾಂಡ್ರಿ ಬಾಯ್ಲರ್ ಆಫ್ ಮಾಡಿದ್ಮೇಲೂ ಹತ್ತು ನಿಮಿಷ ಮುಳ್ಳು ಮೇಲಕ್ಕೇ ಹೋಗೋದು."

"ಇದು ಬಾಯ್ಲರ್ ಅಲ್ವಲ್ಲ."

"ಅಲ್ಲ. ನಮ್ ಬಾಯ್ಲರ್ ಕೆಮ್ತಿರ್ಲಿಲ್ಲ."

ಈ ಮಾತುಕತೆಯನ್ನು ನಾನು ಅಷ್ಟಿಷ್ಟು ಬದಲಾವಣೆಯೊಂದಿಗೆ ಹತ್ತೊಂಬತ್ತು ವರ್ಷ ಕೇಳಿದೆ.

ಆಮೇಲೆ ಗಾರ್ತ್‌ನ ಕಣ್ಣು ಕೆಟ್ಟಿತು. ನೋಟದ ಅಂಚು ಉಳಿದು ನಡುಭಾಗ ಮಸುಕಾಗುವ ಕಾಯಿಲೆ. ಬದಿಯ ಬೇಲಿ ಕಾಣುತ್ತಿತ್ತು, ಎದುರಿನ ರಸ್ತೆ ಕಾಣುತ್ತಿರಲಿಲ್ಲ. ಲೈಸೆನ್ಸ್ ಹೋಯಿತು. ಕಾರಿಗೆ ಟಾರ್ಪಾಲು ಹೊದಿಸಿದರು. ಆರು ತಿಂಗಳು ಅವನು ಗುಡ್ಡದ ಕಡೆ ಬರಲಿಲ್ಲ. ಒಂದು ದಿನ ಕಾರು ಮಾರಾಟಕ್ಕಿದೆ ಎಂದು ದಪ್ಪ ಅಕ್ಷರದಲ್ಲಿ ಚೀಟಿ ಬರೆದು, ನೆಟ್ಟಗೆ ಬರೆದಿದ್ದೇನೋ ಇಲ್ಲವೋ ನೋಡೆಂದು ಹೆಂಡತಿಯ ಕೈಗೆ ಕೊಟ್ಟ.

"ನೆಟ್ಟಗಿದೆ," ಎಂದಳು ಲೋರ್ನಾ. "ಮಾರಲ್ಲ. ನಾನೇ ಓಡಿಸ್ತೀನಿ."

"ನಿಂಗೆ ಅಂಗಡಿ ಮುಂದೆ ಕಾರು ನಿಲ್ಸೋಕೇ ಮೂರು ಸಲ ಬೇಕು."

"ಗುಡ್ಡದಲ್ಲಿ ನಿಲ್ಸೋದೇನಿಲ್ವಲ್ಲ."

ಮೊದಲ ವರ್ಷ ಅವಳು ಎಲ್ಲರಿಗಿಂತ ಕೊನೆ. ಗಾರ್ತ್ ನಲವತ್ತೆಂಟು ಸೆಕೆಂಡಿನಲ್ಲಿ ಏರುತ್ತಿದ್ದ ಗುಡ್ಡಕ್ಕೆ ಅವಳು ಎಪ್ಪತ್ತೊಂದು ತೆಗೆದುಕೊಂಡಳು. ಬೇಲಿಯಾಚೆಯ ಕುರಿಗಳು ಮೇಯುವುದನ್ನೂ ನಿಲ್ಲಿಸಲಿಲ್ಲ. ಆದರೆ ಸಮಯ ಬರೆದ ಹಾಳೆ ನೋಡಿದಾಗ ಒಂದು ಸಂಗತಿ ಕಂಡಿತು. ಉಳಿದವರೆಲ್ಲ ಮಧ್ಯಾಹ್ನವಾಗುತ್ತ ನಿಧಾನವಾದರೆ ಇವಳ ನಾಲ್ಕು ಸರದಿಯೂ ಒಂದೇ ತೆರನಾಗಿದ್ದವು. ಎಲ್ಲವೂ ಕೆಟ್ಟದಾಗಿದ್ದವು, ಆದರೆ ಸಮನಾಗಿ ಕೆಟ್ಟದಾಗಿದ್ದವು.

ಅವಳು ಮಾಡುತ್ತಿದ್ದುದು ಇಷ್ಟು. ಮೇಲಿನಿಂದ ವಾಪಸು ಬರುವಾಗ ಗಾಳಿ ಹೊಡೆಯಲೆಂದು ಮೆಲ್ಲಗೆ ಉರುಳಿಸಿಕೊಂಡು ಬರುವಳು. ನಲವತ್ತು ಡಿಗ್ರಿ ಬಿಸಿಲಿದ್ದರೂ ಕಾರಿನೊಳಗಿನ ಹೀಟರನ್ನು ಪೂರ್ತಿ ತಿರುಗಿಸುವಳು. ಎಂಜಿನ್ನಿನ ಶಾಖ ಅವಳ ಮೊಣಕಾಲಿನ ಮೇಲಿಂದ ಹೊರಗೆ ಹೋಗುವುದು. ಕೆಳಗೆ ಬಂದ ಮೇಲೆ ಕಾರಿನ ಮೂತಿಯನ್ನು ಗಾಳಿಯ ಕಡೆಗಿಟ್ಟು, ಬಾನೆಟ್ ಎತ್ತಿ, ಎರಡು ನಿಮಿಷ ಎಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟು ಆಮೇಲೆ ಆಫ್ ಮಾಡುವಳು. ಕೊನೆಗೆ ಬಕೆಟ್ಟಿನಲ್ಲಿ ಅದ್ದಿ ಹಿಂಡಿದ ಹಾಸಿಗೆಯ ಬಟ್ಟೆಯನ್ನು ಕಾರ್ಬ್ಯುರೇಟರಿನ ಸುತ್ತ, ಪೆಟ್ರೋಲ್ ಕೊಳವೆಯ ಸುತ್ತ ಹೊದಿಸುವಳು. ಬಟ್ಟೆಗಳ ಮೂಲೆಯಲ್ಲಿ ಆಸ್ಪತ್ರೆಯ ನೀಲಿ ಮುದ್ರೆಯಿತ್ತು. ಹರಿದವೆಂದು ಬಿಸಾಡಲಿದ್ದ ಒಂದು ಗಂಟನ್ನು ಅವಳು ನಿವೃತ್ತಿಯ ದಿನ ಕೇಳಿ ತಂದಿದ್ದಳು. ಅವರು ಉಡುಗೊರೆ ಕೊಟ್ಟ ಕೈಗಡಿಯಾರದ ಜೊತೆ.

"ಏನ್ ಲೋರ್ನಾ, ರೋಗಿ ಹೇಗಿದಾರೆ?" ಎಂದು ಕೇಳುತ್ತಿದ್ದವನು ಡೀನ್ ಶಿರ್ಮರ್. ಟ್ರ್ಯಾಕ್ಟರ್ ರಿಪೇರಿಯವನು, ಅವಳದೇ ಗುಂಪಿನ ಸ್ಪರ್ಧಿ.

"ಜ್ವರ ಇಳೀತಿದೆ. ನಿಂದು?"

"ನಂದು ಗಟ್ಟಿಮುಟ್ಟು."

"ಮೂರು ಗಂಟೆಗೆ ಮತ್ತೆ ಕೇಳ್ತೀನಿ."

ಗಾರ್ತ್ ಅವಳ ಜೊತೆ ಬರುತ್ತಿದ್ದ, ಆದರೆ ಟ್ರೈಲರಿನ ಪಕ್ಕ ಕೂತು ರೇಡಿಯೋದಲ್ಲಿ ಕ್ರಿಕೆಟ್ ಕೇಳುತ್ತಿದ್ದ. ಕಾರಿನ ಹತ್ತಿರ ಬರುತ್ತಿರಲಿಲ್ಲ. ಒಮ್ಮೆ ನಾನು ಕರೆದಾಗ, "ಬಂದು ಏನ್ ನೋಡ್ಲಿ, ಮಾರಾಯ?" ಎಂದ. ನಾನು ಮತ್ತೆ ಕರೆಯಲಿಲ್ಲ.

ಮೂರನೆಯ ವರ್ಷದ ಮಾರ್ಚ್. ಬಿಸಿಲು ಮೂವತ್ತೆಂಟು ಡಿಗ್ರಿ. ಅಷ್ಟು ಹೊತ್ತಿಗೆ ಲೋರ್ನಾ ಐವತ್ತು ಸೆಕೆಂಡಿನ ಹತ್ತಿರ ಬಂದಿದ್ದಳು. ಮೂರು ಸರದಿ ಮುಗಿದಾಗ ಡೀನ್ ಅವಳಿಗಿಂತ ಒಂದು ಸೆಕೆಂಡಿನಷ್ಟು ಮುಂದಿದ್ದ. ನಾಲ್ಕನೆಯದಕ್ಕೆ ಹನ್ನೊಂದು ಕಾರುಗಳು ಗೆರೆಯ ಹಿಂದಿನ ಓಣಿಯಲ್ಲಿ ಸಾಲುಗಟ್ಟಿದ್ದವು. ಮೇಲೆ ಐದನೆಯ ತಿರುವಿನಲ್ಲಿ ಯಾರದೋ ಕಾರು ರಸ್ತೆಯ ತುಂಬ ಎಣ್ಣೆ ಚೆಲ್ಲಿತು. ಸಿಮೆಂಟ್ ಪುಡಿ ಹಾಕಿ ಗುಡಿಸಬೇಕು. ಮುಕ್ಕಾಲು ಗಂಟೆಯ ಕೆಲಸ.

ಓಣಿಯ ಎರಡೂ ಕಡೆ ಕಲ್ಲಿನ ಗೋಡೆ. ಗಾಳಿಯಿಲ್ಲ, ನೆರಳಿಲ್ಲ, ಕಾರು ತಿರುಗಿಸಲು ಜಾಗವೂ ಇಲ್ಲ. ಈಗ ಬಿಡುತ್ತಾರೆ, ಈಗ ಬಿಡುತ್ತಾರೆ ಎಂದು ಎಲ್ಲರೂ ಎಂಜಿನ್ ಓಡಿಸುತ್ತಲೇ ಇದ್ದರು. ಲೋರ್ನಾ ಮಾತ್ರ ಎರಡು ನಿಮಿಷ ನೋಡಿ ಆಫ್ ಮಾಡಿದಳು. ರೇಡಿಯೇಟರಿನ ಫ್ಯಾನ್ ಓಡಿಸಿಟ್ಟರೆ ಬ್ಯಾಟರಿ ಮುಗಿಯುತ್ತದೆ. ಅದನ್ನೂ ಆಫ್ ಮಾಡಿದಳು. ಹಾಗೆ ಮಾಡಿದ್ದರಿಂದ ಶಾಖ ತೋರಿಸುವ ಮುಳ್ಳೂ ಸತ್ತುಹೋಯಿತು. ಒದ್ದೆ ಬಟ್ಟೆ ಎರಡೇ ಇದ್ದವು, ನೀರು ಅರ್ಧ ಕ್ಯಾನು. ಅವಳ ಕೈಗೆ ಶಾಖ ತಿಳಿಯುತ್ತಿರಲಿಲ್ಲ. ಲಾಂಡ್ರಿಯಲ್ಲಿ ಮೂವತ್ತು ವರ್ಷ ಬಿಸಿ ಬಟ್ಟೆ ಎಳೆದು ಅಂಗೈ ಮರಗಟ್ಟಿತ್ತು.

"ಗಾರ್ತ್!" ಎಂದು ಬಾನೆಟ್ ಎತ್ತುತ್ತ ಕೂಗಿದಳು. ಅವನು ಗೋಡೆ ಹಿಡಿದುಕೊಂಡು ಬಂದ.

"ಮೇಲಿನ್ ನೀರಿನ್ ಪೈಪ್ ಮುಟ್ಟಿ ಹೇಳು, ಹೇಗಿದೆ."

ಅವನು ತಡಕಾಡಿ ಪೈಪಿನ ಮೇಲೆ ಅಂಗೈ ಇಟ್ಟು ತೆಗೆದ. "ಇನ್ನೂ ಏರ್ತಾ ಇದೆ," ಎಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಟ್ಟ. "ಹೌದಲ್ಲೇ. ಆಫ್ ಮಾಡಿದ್ಮೇಲೂ ಏರತ್ತೆ."

ಲೋರ್ನಾ ಒಂದು ಒದ್ದೆ ಬಟ್ಟೆಯನ್ನು ಕಾರ್ಬ್ಯುರೇಟರಿಗೆ ಹೊದಿಸಿದಳು. ಹೇಳಬೇಕಾದ್ದನ್ನೆಲ್ಲ ಹತ್ತೊಂಬತ್ತು ವರ್ಷ ಹೇಳಿಯಾಗಿತ್ತು.

ಹಿಂದಿನ ಕಾರು ಡೀನ್‌ನದು. ಅದು ಕುದಿಯಲು ಶುರುವಾಗಿತ್ತು. ಅವನು ಬಾನೆಟ್ ಎತ್ತಿ, ಚಿಂದಿಯೊಂದನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುಗಿಸಲು ಹೊರಟ. ಸುಂಯ್ ಎಂಬ ಸಣ್ಣ ಸದ್ದು ಮೊದಲು ಕೇಳಿದ್ದು ಗಾರ್ತ್‌ಗೆ.

"ಯಾರೋ ಮುಚ್ಚಳ ತೆಗೀತಿದಾರೆ!"

ಲೋರ್ನಾ ನಾಲ್ಕು ಹೆಜ್ಜೆಗೆ ಅಲ್ಲಿದ್ದಳು. ಡೀನ್‌ನ ಮಣಿಕಟ್ಟು ಹಿಡಿದು ಎಳೆದಳು. ಮುಚ್ಚಳ ಕಾಲು ಸುತ್ತು ತಿರುಗಿತ್ತಷ್ಟೆ. ಬದಿಯಿಂದ ಆವಿಯ ಒಂದು ಎಳೆ ಹಾರಿ ಬಾನೆಟ್ಟಿಗೆ ಬಡಿಯಿತು.

"ಬಿಡಮ್ಮಾ, ಚಿಂದಿ ಸುತ್ಕೊಂಡಿದೀನಿ!"

ಅವಳು ಅಂಗಿಯ ತೋಳು ಮೇಲೆತ್ತಿ ತೋರಿಸಿದಳು. ಮೊಣಕೈಯಿಂದ ಭುಜದವರೆಗೆ ಹಿಂದೆಂದೋ ಬೆಂದ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. "ನಾನೂ ಸುತ್ಕೊಂಡಿದ್ದೆ," ಎಂದಳು.

ಡೀನ್ ಕೈ ಹಿಂದಕ್ಕೆ ತೆಗೆದುಕೊಂಡು ಕಲ್ಲಿನ ಮೇಲೆ ಕೂತ. ಅವಳು ತನ್ನ ಎರಡು ಬಟ್ಟೆಗಳಲ್ಲಿ ಒಂದನ್ನು ಅವನ ಕಾರ್ಬ್ಯುರೇಟರಿಗೆ ಹೊದಿಸಿ, ಇದ್ದ ನೀರಿನಲ್ಲಿ ಅರ್ಧ ಸುರಿದಳು.

ದಾರಿ ಶುದ್ಧವಾಯಿತೆಂದು ಮೇಲಿನಿಂದ ಸುದ್ದಿ ಬಂತು. ಕಾರುಗಳು ಒಂದೊಂದಾಗಿ ಹೊರಟವು. ಎರಡು ಹೊರಡಲೇ ಇಲ್ಲ. ಲೋರ್ನಾ ಹೆಲ್ಮೆಟ್ ಹಾಕಿ ಒಳಗೆ ಕೂತು ಗಂಡನ ಕಡೆ ನೋಡಿದಳು. ಬಾವುಟ ಬೀಸುವ ನಡುವಿನ ಬಿಡುವಿನಲ್ಲಿ ನಾನೂ ಡೀನೂ ಸೇರಿ, ಎಂಜಿನ್ ಹಚ್ಚದ ಅವಳ ಕಾರನ್ನು ಗೆರೆಯ ಕಡೆ ತಳ್ಳಿದೆವು. ಗಾರ್ತ್ ಪೈಪಿನ ಮೇಲೆ ಕೈಯಿಟ್ಟುಕೊಂಡೇ ಪಕ್ಕದಲ್ಲಿ ನಡೆದ.

"ಹಚ್ಲಾ?"

"ತಡಿ. ಮುಂದೆ ಎಷ್ಟಿದಾವೆ?"

"ಎರಡು."

"ಇನ್ನೊಂದ್ ಹೋಗ್ಲಿ." ಕಾದ. "ಹೂಂ, ಈಗ."

ಮೊದಲ ಸಲಕ್ಕೇ ಹತ್ತಿಕೊಂಡಿತು. ಅವನು ಬಟ್ಟೆ ತೆಗೆದು ಬಾನೆಟ್ ಹಾಕಿ, ಅದರ ಮೇಲೆ ಎರಡು ಸಲ ತಟ್ಟಿದ. ನಾನು ಬಾವುಟ ಬೀಸಿದೆ. ಗಾರ್ತ್ ಗೋಡೆಗೆ ಬೆನ್ನು ಕೊಟ್ಟು ನಿಂತು ಎಂಜಿನ್ನಿನ ಸದ್ದನ್ನು ಎಂಟು ತಿರುವಿನವರೆಗೂ ಹಿಂಬಾಲಿಸಿದ. ತುಟಿ ಅಲುಗುತ್ತಿತ್ತು, ಗೇರು ಎಣಿಸುತ್ತಿದ್ದನೇನೋ. ಕಾರು ಒಮ್ಮೆಯೂ ಕೆಮ್ಮಲಿಲ್ಲ. ನಲವತ್ತೊಂಬತ್ತು ಪಾಯಿಂಟ್ ಮೂರು. ಅವಳು ಅಲ್ಲಿಯವರೆಗೆ ಮಾಡಿದ್ದರಲ್ಲೆಲ್ಲ ಒಳ್ಳೆಯದು. ಡೀನ್‌ನ ಬೆಳಗಿನ ಸಮಯವನ್ನು ಅದು ಹಿಂದೆ ಹಾಕಿತ್ತು.

ಅದಾದ ಎರಡು ನಿಮಿಷಕ್ಕೆ ಡೀನ್, ಅವಳ ಬಟ್ಟೆ ತೆಗೆದಿಟ್ಟು, ನಲವತ್ತೊಂಬತ್ತು ಪಾಯಿಂಟ್ ಒಂದರಲ್ಲಿ ಏರಿದ. ಗೆದ್ದವರ ಕಪ್ ಅವನಿಗೆ ಹೋಯಿತು. ಅವನು ಸಂಕೋಚದಿಂದ ಅವಳ ಹತ್ತಿರ ಬಂದು, "ಇದು ನಿಂದೇ, ಲೋರ್ನಾ," ಎಂದ.

"ಸುಮ್ನೆ ಇಟ್ಕೊ. ನಮ್ಮನೇಲಿ ಒರೆಸೋಕೆ ಯಾರಿಗೂ ಪುರುಸೊತ್ತಿಲ್ಲ," ಎಂದಳು. ಆದರೆ ಕಾರನ್ನು ಟ್ರೈಲರಿಗೆ ಕಟ್ಟುವಾಗ ಹಗ್ಗವನ್ನು ಅಗತ್ಯಕ್ಕಿಂತ ಬಿಗಿಯಾಗಿ ಎಳೆದದ್ದನ್ನು ನಾನು ಕಂಡೆ.

ಮುಂದಿನ ತಿಂಗಳಿಂದ ಗಾರ್ತ್ ರೇಡಿಯೋ ತರಲಿಲ್ಲ. ಸಾಲಿನಲ್ಲಿ ಅವಳ ಕಾರಿನ ಪಕ್ಕ ನಿಂತ. ಮೊದಲು ಡೀನ್ ಕರೆದ, ಆಮೇಲೆ ಉಳಿದವರೂ ಕರೆಯಲು ಶುರುಮಾಡಿದರು: "ಗಾರ್ತ್, ಇದಕ್ಕೊಂದ್ ಕೈ ಇಟ್ ಹೋಗೋ." ಈಗ ಅವನು ಸರದಿಯ ನಡುವೆ ಸಾಲಿನುದ್ದ ಒಂದೊಂದು ಕಾರನ್ನೂ ಮುಟ್ಟಿ, "ಐದು ನಿಮಿಷ", "ಹಚ್ಚು", "ಇವತ್ತು ಮನೆಗ್ ಹೋಗು" ಎಂದು ಹೇಳುತ್ತ ನಡೆಯುತ್ತಾನೆ. ಊಟಕ್ಕೆ ಕೂರಲೂ ಬಿಡುವುದಿಲ್ಲವೆಂದು ಗೊಣಗುತ್ತಾನೆ. ಲೋರ್ನಾ ಅವನ ಪಾಲಿನ ಪ್ಯಾಸ್ಟಿಯನ್ನು, ಮಾಂಸ ತುಂಬಿ ಬೇಯಿಸಿದ ಕಡುಬನ್ನು, ಕಾಗದದಲ್ಲಿ ಸುತ್ತಿ ಬೆಚ್ಚಗಿಟ್ಟಿರುತ್ತಾಳೆ. ತಮ್ಮ ಎಂಜಿನ್ ತಣ್ಣಗಿರುವುದರಿಂದ, ಡೀನ್‌ನ ಎಂಜಿನ್ನಿನ ಮೇಲೆ.