ಪುಣೆಯಿಂದ ಒಬ್ಬರು ಈಗಷ್ಟೇ ಕೊಂಡಿದ್ದಾರೆ

ಥೀಮು ಆರಿಸಿದ್ದು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬೇರೆಯವರನ್ನು ಬೈಯುವುದು ಬಹಳ ಇದೆ.

ಅವ್ವ ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಒಳಕ್ಕೆ ಸುತ್ತುತ್ತಾ ದಪ್ಪ ದಾರದ ಹೊಲಿಗೆ ಹಾಕುತ್ತಾಳೆ. ಕೂಡ್ಲಿಗಿಯ ನಮ್ಮ ಓಣಿಯಲ್ಲಿ ಅವಳ ಕೌದಿಯ ಮೇಲೆ ಮಲಗದ ಕೂಸಿಲ್ಲ. ನಾನು ಕೊಟ್ಟೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ, ದಿನಾ ಬಸ್ಸಿಗೆ ಹೋಗಿ ಬರುತ್ತೇನೆ. ಮನೆಯಲ್ಲಿ ನಾವಿಬ್ಬರೇ. ಒಂದು ದಿನ ನನ್ನ ಫೋನಿನಲ್ಲಿ ಕೌದಿಯ ಫೋಟೋ ನೋಡಿದ ನಮ್ಮ ವಿಜ್ಞಾನದ ಮೇಡಂ, "ಇದನ್ನ ಆನ್‌ಲೈನ್ ಮಾರ್ರಿ, ದೊಡ್ಡೂರಿನ ಮಂದಿ ಮುಗಿಬಿದ್ದು ತಗೋತಾರ" ಅಂದರು. ಹರಪನಹಳ್ಳಿಯಲ್ಲಿ ಲಗ್ನಪತ್ರಿಕೆ, ಫ್ಲೆಕ್ಸ್ ಮಾಡುವ ಒಬ್ಬಾತ ಆನ್‌ಲೈನ್ ಅಂಗಡಿಯನ್ನೂ ಮಾಡಿಕೊಡುತ್ತಾನೆಂದು ನಂಬರು ಕೊಟ್ಟರು.

ಆತ ಫೋನಿಗೆ ಹತ್ತಾರು ಥೀಮು ಕಳಿಸಿದ. ಥೀಮು ಅಂದರೆ ಅಂಗಡಿಯ ಮುಖ: ಬಣ್ಣ, ಅಕ್ಷರ, ಫೋಟೋ ಎಲ್ಲಿ ಕೂರಬೇಕು, ಬೆಲೆ ಎಲ್ಲಿ ಕಾಣಬೇಕು, ಇವೆಲ್ಲ ಮೊದಲೇ ಹೊಂದಿಸಿಟ್ಟಿರುವ ಅಚ್ಚು. ಪುಕ್ಕಟೆ ಸಿಗುವವು ನನಗೆ ಸರ್ಕಾರಿ ಅರ್ಜಿಯಂತೆ ಕಂಡವು. ಕಡೆಗೆ ಒಂದು ಪ್ರೀಮಿಯಂ ಥೀಮಿನ ಮೇಲೆ ಕಣ್ಣು ನಿಂತಿತು. ತೆರೆದ ಕೂಡಲೇ ಒಂದು ಕೋಣೆ. ಗೋಡೆಯಷ್ಟು ದೊಡ್ಡ ಕಿಟಕಿ, ಬಿಳಿ ಹಾಸಿನ ಮಂಚ, ಅದರ ಮೇಲೆ ಅರ್ಧ ಮಡಚಿದ ಹೊದಿಕೆ, ಹೊದಿಕೆಯ ಮೇಲೆ ಕಣ್ಣು ಮುಚ್ಚಿದ ಒಂದು ನಾಯಿ. ಎಂಟು ದಿನ ಸ್ಟಾಫ್‌ರೂಮಿನಲ್ಲಿ ಬುತ್ತಿ ಬಿಚ್ಚಿಟ್ಟುಕೊಂಡು ಅದನ್ನೇ ನೋಡಿದೆ. ನಮ್ಮ ಕೌದಿ ಆ ಮಂಚದ ಮೇಲೆ ಹೇಗೆ ಕಾಣಬಹುದು ಅಂತ ಯೋಚಿಸುತ್ತಿದ್ದೇನೆ ಅಂದುಕೊಂಡಿದ್ದೆ. ಖರೆ ಅಂದರೆ ನಾನು ಆ ಮನೆಯೊಳಗೆ ಹೇಗೆ ಕಾಣಬಹುದು ಅಂತ ಯೋಚಿಸುತ್ತಿದ್ದೆ.

ಅವ್ವನಿಗೆ ತೋರಿಸಿದೆ.

"ಇದು ಯಾರ ಮನಿ?"

"ಯಾರ್ದೂ ಅಲ್ಲವ್ವ, ಸುಮ್ನ ತೋರಸಾಕ ಹಾಕ್ಯಾರ."

"ಮಂದಿ ಇಲ್ಲದ ಮನ್ಯಾಗ ನಾಯಿ ಮಂಚದ ಮ್ಯಾಲ ಮಲಗೈತಲ್ಲ" ಅಂದು ನಕ್ಕಳು. ಅವಳಿಗೆ ಏನು ತಿಳಿಯುತ್ತೆ ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ.

ಹರಪನಹಳ್ಳಿಯಾತ ಫೋನಿನಲ್ಲಿ ಖುಷಿಪಟ್ಟ. "ಒಳ್ಳೇದೇ ಆರಿಸಿದ್ರಿ ಮೇಡಂ. ಇದ್ರಾಗೆ ಸೇಲ್ಸ್ ಫೀಚರ್ ಎಲ್ಲಾ ಒಳಗೇ ಐತೆ. ಸುಮ್ನೆ ನೋಡಾಕೆ ಬಂದೋರೂ ಕೊಳ್ಳಂಗೆ ಮಾಡುತ್ತೆ. ಆನ್ ಮಾಡ್ಲಾ?"

"ಮಾಡ್ರಿ" ಅಂದೆ. ಏನು ಆನ್ ಮಾಡುತ್ತೀರಿ ಅಂತ ಕೇಳಲಿಲ್ಲ.

ಆಮೇಲೆ ಆತ ಇಂಗ್ಲಿಷಿನ ಸಾಲುಗಳ ಪಟ್ಟಿ ಕಳಿಸಿ, ಕನ್ನಡ ಮಾಡಿಕೊಡಲು ಹೇಳಿದ. 'ಬುಟ್ಟಿಗೆ ಹಾಕಿ', 'ವಿಳಾಸ ಬರೆಯಿರಿ', ಇಂಥವು. ಅದರಲ್ಲೊಂದು ಸಾಲಿನಲ್ಲಿ ಊರಿನ ಹೆಸರಿಗೆ ಜಾಗ ಖಾಲಿ ಬಿಟ್ಟಿತ್ತು: ಇಂಥ ಊರಿನಿಂದ ಒಬ್ಬರು ಈಗಷ್ಟೇ ಇದನ್ನು ಕೊಂಡಿದ್ದಾರೆ. ಕನ್ನಡ ಟೀಚರ್ ನೋಡಿ ನಾನು, ನನ್ನ ತಲೆನೋವೇ ಬೇರೆ. ಪುಣೆ ಆದರೆ ಪುಣೆಯಿಂದ, ನಾಗಪುರ ಆದರೆ ನಾಗಪುರದಿಂದ, ಮೈಸೂರು ಆದರೆ ಮೈಸೂರಿನಿಂದ. ಖಾಲಿ ಜಾಗಕ್ಕೆ ಬರೀ 'ಇಂದ' ಅಂಟಿಸಿದರೆ ಎಲ್ಲ ಕೆಡುತ್ತದೆ. ಊರುಗಳ ಪಟ್ಟಿ ಕೊಡಿ, ಒಂದೊಂದನ್ನೂ ಸರಿಯಾಗಿ ಬರೆದುಕೊಡುತ್ತೇನೆ ಅಂದೆ. ಆತ ಆಗಿಂದಾಗಲೇ ಪಟ್ಟಿ ಕಳಿಸಿದ. ಅಂಗಡಿ ಇನ್ನೂ ತೆರೆದೇ ಇಲ್ಲ, ಕೊಂಡವರ ಊರುಗಳ ಪಟ್ಟಿ ಇವನ ಹತ್ತಿರ ಹೇಗೆ ಬಂತು? ಏಳನೇ ಇಯತ್ತೆಯ ಮಗು ಕೇಳುವ ಪ್ರಶ್ನೆ. ನಾನು ಕೇಳಲಿಲ್ಲ. ಪಾರ್ಸಲ್ಲು ಹೋಗುವ ಊರುಗಳಿರಬೇಕು ಅಂದುಕೊಂಡು ಕೂತು ವಿಭಕ್ತಿ ಪ್ರತ್ಯಯ ಸರಿ ಮಾಡಿದೆ.

ಅಂಗಡಿ ತೆರೆಯಿತು. ಅವ್ವನ ಮೂರು ಕೌದಿಗಳ ಫೋಟೋ ಹಾಕಿದೆವು. ಒಂದು ಹಸಿರಂಚಿನದು, ಒಂದು ಕೆಂಪುಚೌಕಗಳದು, ಒಂದು ಕೂಸಿನ ಅಳತೆಯದು. ಯಾರಾದರೂ ಕೊಂಡರೆ ಅದೇ ಥರದವನ್ನು ಹೊಲಿದುಕೊಡುವುದೆಂದು ಮಾತಾಗಿತ್ತು. ಅವ್ವನ ಫೋನಿನಲ್ಲೂ ಅಂಗಡಿ ತೆರೆಯುವುದನ್ನು ತೋರಿಸಿಕೊಟ್ಟೆ. ನನ್ನ ಕಣ್ಣು ಮಾತ್ರ ಆ ಮಂಚ ಬಿಟ್ಟು ಕೆಳಗಿಳಿಯಲೇ ಇಲ್ಲ. ಅವಳಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತದೆ. ಮೂರನೇ ದಿನವೇ ನನಗೆ ಪರೀಕ್ಷೆಯ ಪೇಪರು ತಿದ್ದುವ ಡ್ಯೂಟಿ ಬಂತು. ಬಳ್ಳಾರಿಗೆ ಹೋದೆ, ಹತ್ತು ದಿನ ಅಲ್ಲೇ ಇದ್ದೆ.

ಫೋನು ಮಾಡಿದಾಗ ಅವ್ವ, "ವ್ಯಾಪಾರ ಭಾಳ ಚೆಂದ ನಡದೈತಿ ಬಿಡು" ಅನ್ನುತ್ತಿದ್ದಳು. ನನ್ನ ಮೇಲ್‌ಗೆ ಒಂದು ಆರ್ಡರೂ ಬಂದಿರಲಿಲ್ಲ. ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡು ಹ್ಞೂಂ ಅಂದು ಇಟ್ಟುಬಿಡುತ್ತಿದ್ದೆ.

ತಿರುಗಿ ಬಂದ ದಿನ ಮಧ್ಯಾಹ್ನ ಬಾಗಿಲಲ್ಲೇ ಅವ್ವ ಕೂಗಿದಳು. "ಅಲ್ಲೇ ನಿಂದ್ರು! ಒಳಗ ಕಾಲಿಡಬ್ಯಾಡ, ಕತ್ತರಿಸಿಟ್ಟ ತುಂಡು ಕಲಸಿಹೋಗ್ತಾವ."

ಪಡಸಾಲೆ ತುಂಬ ಬಟ್ಟೆ. ಚೌಕ ಚೌಕ, ಪಟ್ಟಿ ಪಟ್ಟಿ. ಎರಡು ಕೌದಿ ಮುಗಿದು ಗೋಡೆಗೆ ಒರಗಿದ್ದವು, ಮೂರನೆಯದು ಅರ್ಧವಾಗಿತ್ತು. ಅವ್ವನ ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ಏನವ್ವ ಇದು?"

"ಏನಂತ ಕೇಳ್ತಿಯಲ್ಲ! ಪುಣೆಕ್ಕ ಹೋತು, ನಾಗಪುರಕ್ಕ ಎರಡು ಹೋದ್ವು, ಮೈಸೂರಾಗೊಬ್ರು ಹಸರಂಚಿಂದ ತಗಂಡ್ರು. ನಾ ಫೋನಾಗ ಅಂಗಡಿ ಬಾಗಲ ತಗದಾಗೊಮ್ಮೆ ಯಾರೋ ಒಬ್ರು ತಗಂಡಿರ್ತಾರ. ನೀ ಬರೋದ್ರಾಗ ಮುಗಸಬೇಕಂತ ಹೊಲಿಯಾಕತ್ತೀನಿ."

ಅವಳೇ ಫೋನು ತೆರೆದು ತೋರಿಸಿದಳು. ನಾಯಿ ಮಲಗಿದ್ದ ಮಂಚ ಬಂತು. ಕೆಳಮೂಲೆಯಲ್ಲಿ ಒಂದು ಪುಟ್ಟ ಚೀಟಿ ಮೆಲ್ಲಗೆ ಮೇಲೆದ್ದಿತು: ಪುಣೆಯಿಂದ ಒಬ್ಬರು ಈಗಷ್ಟೇ ಇದನ್ನು ಕೊಂಡಿದ್ದಾರೆ. ಅದು ಮುಳುಗಿತು. ಇನ್ನೊಂದು ಎದ್ದಿತು. ನನ್ನದೇ ವಾಕ್ಯ. ಒಂದು ತಪ್ಪಿಲ್ಲ.

ನನ್ನ ಕಣ್ಣು ನೆಲದ ಮೇಲಿನ ಹಸಿರು ರೇಷ್ಮೆಯ ಪಟ್ಟಿಗಳ ಮೇಲೆ ಹೋಯಿತು. ಅದು ದೊಡ್ಡವ್ವನ ಸೀರೆ, ಅವ್ವನ ತೀರಿಹೋದ ಅಕ್ಕನದು. ಅವ್ವ ಅದನ್ನು ಒಂದು ದಿನವೂ ಉಟ್ಟವಳಲ್ಲ. ವರ್ಷಕ್ಕೊಮ್ಮೆ ಟ್ರಂಕಿನಿಂದ ತೆಗೆದು ಬಿಸಿಲು ತೋರಿಸಿ ಮಡಚಿಡುತ್ತಿದ್ದಳು.

"ಅದನ್ಯಾಕ ಕತ್ತರಿಸಿದಿ?"

"ಹತ್ತು ದಿನದಾಗ ಹಸರಂಚಿಂದ ನಾಕು ಹೋಗ್ಯಾವಲ್ಲ. ಅಂಥ ಹಸರು ಬ್ಯಾರೆ ಎಲ್ಲೈತಿ? ಅಕ್ಕ ಇದ್ದಿದ್ರ ತಾನೇ ಕತ್ತರಿ ಹಿಡಿತಿದ್ಳು. ಓಣ್ಯಾಗ ಮೂರು ಮನ್ಯಾರೂ ಸೀರಿ ಕೊಟ್ಟಾರ, ಪಾಲು ಕೊಡ್ತೀನಂತ ಹೇಳೀನಿ."

ನಾನು ಹೇಳಿದೆ. ಯಾರೂ ಕೊಂಡಿಲ್ಲ, ಪುಣೆಯಲ್ಲೂ ಯಾರಿಲ್ಲ, ನಾಗಪುರದಲ್ಲೂ ಯಾರಿಲ್ಲ, ಇದು ಅಂಗಡಿ ತಾನಾಗೇ ಹೇಳಿಕೊಳ್ಳುವ ಸುಳ್ಳು. ಅವ್ವ ಮೊದಲು ನಂಬಲಿಲ್ಲ. "ಬರದೈತಲ್ಲ" ಅಂದಳು. ಅವಳ ಮಟ್ಟಿಗೆ ಬರೆದದ್ದು ಸುಳ್ಳಾಗುವುದಿಲ್ಲ. ಆಮೇಲೆ ಕೇಳಿದಳು, "ಯಾರು ಬರದಾರ ಇದನ್ನ?"

"ನಾನು" ಅಂದೆ.

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ಹಿತ್ತಲಿಗೆ ಹೋದಳು.

ಮರುದಿನ ರಜೆ ಹಾಕಿ ಹರಪನಹಳ್ಳಿಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಜೋಡಿಸಿಕೊಂಡಿದ್ದೆ. ಅಂಗಡಿಯಲ್ಲಿ ಆತ ಯಾರದೋ ಹುಟ್ಟುಹಬ್ಬದ ಫ್ಲೆಕ್ಸಿಗೆ ಮುಖ ಕತ್ತರಿಸಿ ಕೂಡಿಸುತ್ತಿದ್ದ. ಕುರ್ಚಿ ತೋರಿಸಿದ. ನಾನು ಕೂರಲಿಲ್ಲ.

"ನಮ್ಮ ಅಂಗಡ್ಯಾಗ ಯಾರೂ ಕೊಳ್ಳದಿದ್ರೂ ಕೊಂಡಾರಂತ ಯಾಕ ತೋರಿಸ್ತೈತ್ರಿ?"

"ಓ, ಅದಾ? ಎಲ್ಲಾ ಥೀಮ್‌ನಾಗೂ ಇರುತ್ತೆ ಮೇಡಂ."

"ಸುಳ್ಳಲ್ಲೇನ್ರಿ ಅದು?"

"ಸುಳ್ಳಲ್ಲ ಮೇಡಂ, ಫೀಚರ್ರು."

ಇಂದಿಗೂ ಆ ಮಾತು ನೆನಪಾದರೆ ನನ್ನ ಕಿವಿ ಬಿಸಿಯಾಗುತ್ತದೆ. ಆತ ತಮಾಷೆ ಮಾಡುತ್ತಿರಲಿಲ್ಲ. ನನಗೆ ತಿಳಿಯಲೆಂದು ಸಮಾಧಾನದಿಂದ ಹೇಳುತ್ತಿದ್ದ, ನಾನು ಮಕ್ಕಳಿಗೆ ಸಂಧಿ ಬಿಡಿಸಿ ಹೇಳುವಂತೆ. "ಖಾಲಿ ಅಂಗಡಿಗೆ ಯಾರು ಬರ್ತಾರೆ ಹೇಳ್ರಿ? ನಾಕು ಮಂದಿ ನಿಂತಿದ್ರೆ ಐದನೇನು ಬರ್ತಾನೆ. ದೊಡ್ಡ ದೊಡ್ಡೋರೂ ಇದನ್ನೇ ಮಾಡೋದು."

"ನಮ್ಮವ್ವ ನಂಬಿ ಸೀರಿ ಹರದಾಳ! ಬೆರಳಿಗೆ ಬಟ್ಟಿ ಸುತ್ತಿಗೆಂಡು ಹೊಲದಾಳ, ಹತ್ತು ದಿನ!"

ಆತನ ಮುಖ ಒಂದು ಗಳಿಗೆ ಸಣ್ಣದಾಯಿತು. ಆದರೂ, "ಅಂಗಡಿ ಇಟ್ಟೋರೇ ನಂಬ್ತಾರಂತ ಯಾರಿಗೆ ಗೊತ್ತಿತ್ತು ಮೇಡಂ" ಅಂದ. ಕೊಳ್ಳುವವರು ನಂಬಿ ಕೆಟ್ಟರೆ ಅಡ್ಡಿಯಿಲ್ಲ ಅಂತಾಯಿತು. ನಾನು ಮೇಜು ಗುದ್ದಿದೆ. ಕ್ಲಾಸಿನಲ್ಲೂ ಎಂದೂ ಗುದ್ದಿದವಳಲ್ಲ. ಆಗ ಆತ ತನ್ನ ಫೋನು ತೆಗೆದು ನನ್ನ ಮೆಸೇಜು ಮುಂದೆ ಹಿಡಿದ. ಊರುಗಳ ಸಾಲು, ಪ್ರತ್ಯಯ ಸಮೇತ. ಕೆಳಗೆ ನಾನೇ ಬರೆದಿದ್ದೆ: 'ಹೀಗೆ ಹಾಕಿದರೆ ಓದಲು ಸಹಜವಾಗಿರುತ್ತದೆ.'

ಬೈಯಲೆಂದು ಜೋಡಿಸಿಕೊಂಡು ಹೋಗಿದ್ದೆಲ್ಲ ನನಗೇ ತಾಗುವಂತಿತ್ತು. ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಏರಿತು, ಹೋಗಲು ಜಾಗವಿಲ್ಲದೆ.

"ತೆಗಿ" ಅಂದೆ. ಏಕವಚನ ತಾನಾಗೇ ಬಂತು. ಆತ ತೆಗೆದ.

"ಆಫರ್ ಮುಗಿಯೋ ಗಡಿಯಾರ ಇರ್ಲಾ?" ಪ್ರತಿ ಸಲ ತೆರೆದಾಗಲೂ ಅದು ಹದಿನೈದು ನಿಮಿಷದಿಂದಲೇ ಶುರುವಾಗುತ್ತಿತ್ತಂತೆ. ತೆಗೆಸಿದೆ. 'ಹದಿನಾರು ಮಂದಿ ಇದನ್ನು ನೋಡುತ್ತಿದ್ದಾರೆ' ಅನ್ನುವುದನ್ನೂ ತೆಗೆಸಿದೆ. ಕೆಳಗೆ ವಿದೇಶದ ಹೆಸರಿನ ಹೆಂಗಸರು ನಮ್ಮ ಕೌದಿಯನ್ನು ಹೊಗಳಿ ಬರೆದ ಮಾತುಗಳಿದ್ದವು, ಅವೂ ಥೀಮಿನ ಜೊತೆಗೇ ಬಂದಿದ್ದವು. ತೆಗೆಸಿದೆ. ನಾಯಿಯನ್ನೂ, ಮಂಚವನ್ನೂ. ಉಳಿದದ್ದು ಬಿಳಿ ಹಾಳೆ, ಮೂರು ಫೋಟೋ. ಎಂಟು ದಿನ ನೋಡಿ ಆರಿಸಿದ್ದು ಕಡೆಗೆ ಇಷ್ಟೇ ಆಯಿತು.

ಮನೆಗೆ ಬಂದು, ಅಂಗಡಿಯನ್ನೇ ಮುಚ್ಚಿಬಿಡುತ್ತೇನೆ ಅಂದೆ. ಅವ್ವ ಬಿಡಲಿಲ್ಲ. "ಯಾಕ ಮುಚ್ತಿ? ನೀ ಬರದಿದ್ದು ಸುಳ್ಳು. ನಾ ಹೊಲದಿದ್ದು ಸುಳ್ಳಲ್ಲ." ಆಮೇಲೆ, "ಮೊದ್ಲು ಮೂರು ಮನಿಗೆ ಹೋಗಿ ಹೇಳಿ ಬಾ. ನಾ ಬರಂಗಿಲ್ಲ. ನೀನೇ ಹೇಳ್ಬೇಕು."

ಹೋದೆ. ಎದುರುಮನೆಯ ಅತ್ತಿ ಹೊಟ್ಟೆ ಹಿಡಿದು ನಕ್ಕಳು. ಪಕ್ಕದ ಮನೆಯಾಕೆ ಗಂಡನ ಹಳೆಯ ಧೋತರ ಕೊಟ್ಟಿದ್ದಳು, "ಹೋಗ್ಲಿ ಬಿಡವ್ವ, ಹೆಂಗಿದ್ರೂ ಇಲಿ ಕಡೀತಿದ್ವು" ಅಂದಳು. ಓಣಿಯ ತುದಿಮನೆಯಾಕೆ ಮಾತ್ರ ನಗಲೂ ಇಲ್ಲ, ಬಿಡು ಅನ್ನಲೂ ಇಲ್ಲ. ಆಕೆ ಕೊಟ್ಟದ್ದು ಮಗಳ ಕುಬುಸದ ಸೀರೆ, ಚೊಚ್ಚಲ ಬಸಿರಿನಲ್ಲಿ ಉಡಿಸಿದ್ದು. ಮಗಳು ಈಗ ಹಿರೇಹಡಗಲಿಯಲ್ಲಿ ಗಂಡನ ಮನೆಯಲ್ಲಿದ್ದಾಳೆ.

"ಪುಣೆಕ್ಕ ಹೋಗ್ತೈತಂತ ಕೊಟ್ಟೀನಿ. ಹೋಗಂಗಿಲ್ಲಂದ್ರ ವಾಪಸ್ ಕೊಡು."

"ಕತ್ತರಿಸ್ಯಾಳ ಅಕ್ಕ, ಅವ್ವಗೆ ಗೊತ್ತಿರಲಿಲ್ಲ..."

"ನಿಮ್ಮವ್ವ ಕತ್ತರಿಸಿಲ್ಲ. ನೀ ಕತ್ತರಿಸೀದಿ. ಓದಿದಾಕಿ ನೀನಲ್ಲೇನು?"

ಮನೆಗೆ ಬಂದು ಆಕೆ ಅಂದದ್ದನ್ನು ಹಾಗೇ ಅವ್ವನಿಗೆ ಹೇಳಿದೆ.

ಅವ್ವ ಆ ಸೀರೆಯ ತುಂಡುಗಳನ್ನೆಲ್ಲ ಹುಡುಕಿ ತೆಗೆದಳು. ಅರ್ಧವಾಗಿದ್ದ ಕೌದಿಗೆ ಸೇರಿದ್ದವನ್ನು ಹೊಲಿಗೆ ಬಿಚ್ಚಿ ಬಿಡಿಸಿದಳು. ಅದಷ್ಟರಿಂದಲೇ ಒಂದು ಕೂಸಿನ ಕೌದಿ ಹೊಲಿದು ನನ್ನ ಕೈಲಿ ಕಳಿಸಿದಳು. ತುದಿಮನೆಯಾಕೆ ಇಸಕೊಂಡು, ಅಂಚು ತಿರುವಿ ಹೊಲಿಗೆ ನೋಡಿ, ಒಳಗಿಟ್ಟಳು. ದೊಡ್ಡವ್ವನ ಹಸಿರು ಪಟ್ಟಿಗಳನ್ನು ಅವ್ವ ಹೊಲಿಯಲಿಲ್ಲ. ಹಾಗೇ ಮಡಚಿ ಟ್ರಂಕಿಗೆ ಹಾಕಿದಳು. ಅದರ ಬಗ್ಗೆ ಇವತ್ತಿನವರೆಗೂ ನನಗೆ ಒಂದು ಮಾತು ಅಂದಿಲ್ಲ. ಅಂದುಬಿಟ್ಟಿದ್ದರೆ ಚೆನ್ನಾಗಿತ್ತು.

ಈ ನಡುವೆ ಥೀಮು ಮಾಡಿದವರಿಂದ ನನಗೊಂದು ಮೇಲ್ ಬಂತು. ನಮ್ಮ ಥೀಮು ಹೇಗನಿಸಿತು, ಐದು ನಕ್ಷತ್ರ ಕೊಡಿ ಅಂತ. ನಡೆದದ್ದನ್ನೆಲ್ಲ ಉದ್ದಕ್ಕೆ ಬರೆದು ಒಂದೇ ನಕ್ಷತ್ರ ಒತ್ತಿದೆ. ನಿಮ್ಮ ಅಭಿಪ್ರಾಯವನ್ನು ಪರಿಶೀಲಿಸಿ ಪ್ರಕಟಿಸುತ್ತೇವೆ ಅಂತ ಉತ್ತರ ಬಂತು. ಬಹಳ ಸಲ ತೆಗೆದು ನೋಡಿದೆ. ಪ್ರಕಟವಾಗಲಿಲ್ಲ. ಕೊಂಡವರಿಲ್ಲದೆ ಕೊಂಡದ್ದನ್ನು ತೋರಿಸಲು ಇವರಿಗೆ ಪರಿಶೀಲನೆ ಬೇಕಿರಲಿಲ್ಲ.

ಮಳೆಗಾಲ ಮುಗಿಯುವಾಗ ಒಂದು ಆರ್ಡರು ಬಂತು, ಬೆಳಗಾವಿಯಿಂದ. ಕೆಂಪುಚೌಕದ ಕೌದಿ. ಅವ್ವನಿಗೆ ಹೇಳಿದರೆ, "ಯಾರು ಹೇಳಿದ್ದು, ಅಂಗಡಿನೋ ಮನಿಷ್ಯಾರೋ?" ಅಂದಳು. ಕೊಂಡವರ ನಂಬರಿಗೆ ಫೋನು ಹಚ್ಚಿ ಕೊಡು ಅಂತ ಹಟ ಹಿಡಿದಳು. ಹಚ್ಚಿಕೊಟ್ಟೆ. ಆ ಕಡೆ ಒಬ್ಬ ಹೆಂಗಸು.

"ಕೌದಿ ಕೇಳಿದ್ದು ನೀವೇನ್ರಿ? ... ಖರೇನ ಅದೀರಲ್ಲ?"

ಆಕೆ ಜೋರಾಗಿ ನಕ್ಕದ್ದು ನನಗೂ ಕೇಳಿಸಿತು. ಅವ್ವ ನಗಲಿಲ್ಲ. ಯಾರಿಗೆ ಹೊದಿಸಾಕ್ರಿ, ಥಂಡಿ ಭಾಳ ಏನ್ರಿ ನಿಮ್ಕಡಿ, ಒಳಪದರ ಎರಡು ಸಾಕೋ ಮೂರು ಬೇಕೋ ಅಂತ ಒಂದೊಂದಾಗಿ ಕೇಳಿದಳು. ಫೋನು ನನ್ನ ಕೈಗಿಟ್ಟು ಹೇಳಿದಳು:

"ಪ್ಯಾಟಿಗೆ ಹೋಗಿ ದಾರ ತಗಂಬಾ. ಕೆಂಪಂದು, ದಪ್ಪಂದು. ಬಣ್ಣ ಬಿಡ್ತೈತೇನು ನೀರಾಗ ಅದ್ದಿ ನೋಡಿ ತರ್ಬೇಕು, ಅಂಗಡ್ಯಾವ ಹೇಳಿದ್ನಂತ ತರಬ್ಯಾಡ."