ಡಿಫರೆನ್ಷಿಯಲ್‌ಗೆ ಅರಿಸಿನ

ಕಳೆದ ದಸರೆಯ ಹೊತ್ತಿನಲ್ಲಿ ನಮ್ಮ ಮನೆಯ ಫ್ರೀಜರಿನೊಳಗೆ, ತೆಂಗಿನತುರಿಯ ಡಬ್ಬಿಗೂ ಬಟಾಣಿಯ ಪೊಟ್ಟಣಕ್ಕೂ ನಡುವೆ, ಒಂದು ಉಕ್ಕಿನ ಬಳೆ ಮಲಗಿತ್ತು ಎಂದರೆ ನೀವು ನನ್ನ ವಯಸ್ಸಿನ ಮೇಲೆ ಸಂಶಯಪಡುತ್ತೀರಿ. ದಯವಿಟ್ಟು ಬೇಡ. ಅದನ್ನು ಅಲ್ಲಿ ಮಲಗಿಸಿದವರು ನಮ್ಮವರು. ಅದು ಬೇರಿಂಗಿನ ಹೊರಬಳೆಯಂತೆ. ತಣ್ಣಗಾದರೆ ಕೂದಲೆಳೆಯಷ್ಟು ಕುಗ್ಗುತ್ತದಂತೆ, ಆಗ ಗೂಡಿನೊಳಗೆ ಸಲೀಸಾಗಿ ಕೂರುತ್ತದಂತೆ. ಇನ್ನೊಂದು ಬೇರಿಂಗ್ ಹಿಗ್ಗಬೇಕಿತ್ತು, ಆದ್ದರಿಂದ ಅದು ನನ್ನ ಕೇಕ್ ಓವನ್‌ನಲ್ಲಿತ್ತು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಸ್ಪಂಜ್ ಕೇಕು ಮಾಡುವುದನ್ನೂ, ಬಾಯಿ ಮುಚ್ಚಿಕೊಂಡು ಸೂಪು ಕುಡಿಯುವುದನ್ನೂ ಕಲಿಸಿದ್ದರು. ಗಂಡ ಓವನ್‌ನಿಂದ ಬೇರಿಂಗ್ ತೆಗೆದಾಗ ಲೇಡಿಯೊಬ್ಬಳು ಏನನ್ನಬೇಕು ಎಂಬುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ.

ಎಲ್ಲಕ್ಕೂ ಕಾರಣ ನಮ್ಮ ಹಳೇ ಪಿಕಪ್. ನಮ್ಮವರು ರಿಟೈರ್ ಆದಾಗ ಕನಕಪುರ ರಸ್ತೆಯಾಚೆ ತೋಟ ಮಾಡುವ ಹುಮ್ಮಸ್ಸಿನಲ್ಲಿ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡರು. ತೋಟ ಹೋಯಿತು, ಪಿಕಪ್ ಉಳಿಯಿತು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ, ಬೆಟ್ಟ ಹತ್ತುವ ಗಾಡಿ. ಜಯನಗರದಲ್ಲಿ ಅದು ಹತ್ತಿದ ಅತಿ ಎತ್ತರದ ಬೆಟ್ಟವೆಂದರೆ ನಮ್ಮ ಕ್ರಾಸಿನ ರಸ್ತೆಯುಬ್ಬು. ಆದರೂ ಬೀದಿಯವರ ಮಂಚ, ಬೀರು, ಗಣೇಶ, ಯಾರದೋ ಮಗಳ ಪಿಯಾನೋ, ಎಲ್ಲವನ್ನೂ ಅದೇ ಹೊತ್ತಿತು. ಆಮೇಲೆ ಒಂದು ದಿನ ಅದರ ಮುಂಭಾಗ ಊಳಿಡಲು ಶುರುಮಾಡಿತು. ತಿರುವು ಬಂದಾಗಲಂತೂ ಬೀದಿನಾಯಿಗಳು ಉತ್ತರ ಕೊಡುತ್ತಿದ್ದವು.

ಗ್ಯಾರೇಜಿನವರು, “ಡಿಫರೆನ್ಷಿಯಲ್ ಹೋಗಿದೆ, ಮಾರ್ಬಿಡಿ ಸಾರ್,” ಅಂದರು. ನಮ್ಮವರು ಬದುಕಿಡೀ ವಿಮಾ ಆಫೀಸಿನಲ್ಲಿ ಕುಳಿತು ಬೇರೆಯವರ ಆಕ್ಸಿಡೆಂಟುಗಳನ್ನು ಓದಿದ ಮನುಷ್ಯ. ಸ್ಪಾನರ್ ಹಿಡಿದವರಲ್ಲ. ಆದರೆ “ಮಾರಿ” ಎಂಬ ಮಾತು ಅವರಿಗೆ ಎಲ್ಲಿ ತಾಗಿತೋ, ಮಾರನೆಯ ಬೆಳಿಗ್ಗೆಯೇ ಪಿಕಪ್ಪಿನ ಮುಂದಿನ ಚಕ್ರಗಳನ್ನು ಕಳಚಿ, ಡಿಫರೆನ್ಷಿಯಲನ್ನು ಹೊಟ್ಟೆಯಲ್ಲಿಟ್ಟುಕೊಂಡ ಆಕ್ಸಲನ್ನು ಇಳಿಸಿ, ಪೋರ್ಟಿಕೋದಲ್ಲಿ ಎರಡು ಮರದ ದಿಮ್ಮಿಗಳ ಮೇಲೆ ಮಲಗಿಸಿಬಿಟ್ಟರು. ಜೊತೆಗೆ ನಾಗರಾಜು. ನಾಗರಾಜು ಯಡಿಯೂರಿನ ಮೂಲನಿವಾಸಿ. ಹೊಲವಿದ್ದಾಗ ಟ್ರಾಕ್ಟರ್ ಓಡಿಸಿದವರು, ಈಗ ಬಾಡಿಗೆ ಮನೆಗಳ ಓನರು. ಕೈಗೆ ಮಸಿ ಹತ್ತಿಸಿಕೊಳ್ಳಲು ನೆಪ ಹುಡುಕುತ್ತಾ ಇರುವವರು.

ಶ್ರಾವಣ ಹೋಯಿತು, ಗಣೇಶ ಬಂದ, ಹೋದ. ಆಕ್ಸಲ್ ಅಲ್ಲೇ ಮಲಗಿತ್ತು. ಪೋರ್ಟಿಕೋದಲ್ಲಿ ನನ್ನ ರಂಗೋಲಿಗೆ ಜಾಗವಿಲ್ಲ, ಬಂದವರಿಗೆ ಚಪ್ಪಲಿ ಬಿಡಲು ಜಾಗವಿಲ್ಲ. ಒಂದು ದಿನ ಹಪ್ಪಳದ ಡಬ್ಬಿ ತೆಗೆದರೆ ಒಳಗೆ ಬೋಲ್ಟುಗಳು. ಅವತ್ತು ಹೇಳಿಬಿಟ್ಟೆ.

“ನೋಡಿ, ಪ್ರತಿವರ್ಷ ಆಯುಧಪೂಜೆಗೆ ಗಾಡಿ ನಾಲ್ಕು ನಿಂಬೆಹಣ್ಣಿನ ಮೇಲೆ ಹತ್ತುತ್ತಲ್ಲ, ಈ ವರ್ಷವೂ ಹತ್ತಬೇಕು. ಆಗಲಿಲ್ಲವೋ, ಗುಜರಿಗೆ ಕೊಡೋದು. ಪ್ರಾಮಿಸ್?”

“ಪ್ರಾಮಿಸ್,” ಎಂದರು ನಮ್ಮವರು, ಮದುವೆಯ ಮಂಟಪದಲ್ಲೂ ಕಾಣಿಸದಿದ್ದ ಗಾಂಭೀರ್ಯದಿಂದ. ನಾನೇ ಫೋನ್ ಮಾಡಿ, ಹಬ್ಬದ ಸಂಜೆ ಬಂದು ನೋಡು ಎಂದು ಗುಜರಿಯವನಿಗೆ ಹೇಳಿಟ್ಟೆ.

ಡಿಫರೆನ್ಷಿಯಲ್ ಎಂದರೇನೆಂದು ನೀವು ಕೇಳುವ ಮುಂಚೆ ನಾನೇ ಕೇಳಿದ್ದೆ. ಗಾಡಿ ತಿರುಗುವಾಗ ಒಳಗಿನ ಚಕ್ರಕ್ಕೆ ದಾರಿ ಕಡಿಮೆ, ಹೊರಗಿನದಕ್ಕೆ ಹೆಚ್ಚು. ಎರಡೂ ಒಂದೇ ವೇಗದಲ್ಲಿ ಸುತ್ತಿದರೆ ಒಂದು ಎಳೆದಾಡುತ್ತದೆ. ಅವೆರಡನ್ನೂ ತಮ್ಮತಮ್ಮ ವೇಗದಲ್ಲಿ ಹೋಗಲು ಬಿಟ್ಟು, ಆದರೂ ಒಂದೇ ಗಾಡಿಯಲ್ಲಿ ಇರಿಸುವ ಹಲ್ಲಿನ ಚಕ್ರಗಳ ಸಂಸಾರ ಅದು. ನನಗೆ ತಕ್ಷಣ ನೆನಪಾದದ್ದು ಸ್ಕೂಲಿನ ಥ್ರೀ-ಲೆಗ್ಡ್ ರೇಸ್. ಗೆಳತಿ ರೋಸಿಯ ಎಡಗಾಲಿಗೆ ನನ್ನ ಬಲಗಾಲು ಕಟ್ಟಿ ಓಡಿಸುತ್ತಿದ್ದರು. ನೇರ ದಾರಿಯಲ್ಲಿ ನಾವು ಗಾಳಿ. ತಿರುವಿನಲ್ಲಿ ದಬಕ್ ಅಂತ ಬಿದ್ದು, ಪೆಟಿಕೋಟಿನ ಲೇಸು ಇಡೀ ಶಾಲೆಗೆ ಪ್ರದರ್ಶನ. ನಮಗೆ ಡಿಫರೆನ್ಷಿಯಲ್ ಇರಲಿಲ್ಲ, ಅಷ್ಟೇ.

ಇನ್ನೊಂದೂ ನೆನಪಾಯಿತು. ನವಗ್ರಹ ಪ್ರದಕ್ಷಿಣೆಯಲ್ಲಿ ಹೆಂಡತಿ ಗಂಡನ ಎಡಕ್ಕಿರಬೇಕು, ಇಬ್ಬರೂ ಬಲಕ್ಕೆ ತಿರುಗುತ್ತಾ ಹೋಗಬೇಕು. ಅಂದರೆ ಹೊರಗಿನ ಸುತ್ತು ಯಾವಾಗಲೂ ಹೆಂಡತಿಯದು. ನಮ್ಮವರು ಒಳಗೆ ರಾಜಗಾಂಭೀರ್ಯದಲ್ಲಿ ಹೆಜ್ಜೆ ಹಾಕಿದರೆ, ನಾನು ಹೊರಗೆ ಸೀರೆಯ ನೆರಿಗೆ ಎತ್ತಿಕೊಂಡು ಓಡುನಡಿಗೆ. ಇದನ್ನು ನಾನು ಅವರಿಗೆ ಎಷ್ಟು ಸಲ ಹೇಳಿ ತೋರಿಸಿದ್ದೇನೋ, ದೇವರಿಗೇ ಗೊತ್ತು. ಅವರ ಕಿವಿಗೂ ಗೊತ್ತು.

ಆಯುಧಪೂಜೆಯ ಬೆಳಿಗ್ಗೆ ಬಂತು. ಬೀದಿಯ ಸ್ಕೂಟರುಗಳೆಲ್ಲ ಬಾಳೆಕಂದು ಕಟ್ಟಿಕೊಂಡು ಮದುಮಕ್ಕಳಂತೆ ನಿಂತಿದ್ದವು. ನಮ್ಮ ಪಿಕಪ್ ಮಾತ್ರ ಮುಂಗಾಲಿಲ್ಲದೆ ಜಾಕುಗಳ ಮೇಲೆ. ಆಕ್ಸಲಿನ ಗಡಿಗೆಯಂಥ ಹೊಟ್ಟೆಯ ಮುಚ್ಚಳ ತೆರೆದು ಇಬ್ಬರೂ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದರು. ಹೊಸ ಬೇರಿಂಗು, ಹೊಸ ಹಲ್ಲಿನ ಚಕ್ರ, ಎಲ್ಲ ಕೂತಿತ್ತು. ಆದರೆ ದೊಡ್ಡ ಚಕ್ರದ ಹಲ್ಲೂ ಪುಟ್ಟ ಚಕ್ರದ ಹಲ್ಲೂ ಸರಿಯಾದ ಕಡೆ ಮುಟ್ಟುತ್ತಿವೆಯೇ ಎಂದು ತಿಳಿಯಲು ಹಲ್ಲಿಗೆ ಹಚ್ಚುವ ಒಂದು ಬಣ್ಣದ ಗ್ರೀಸು ಬೇಕಂತೆ. ತರಿಸಿದ ಟ್ಯೂಬು ಕಲ್ಲಾಗಿತ್ತು. ಹಬ್ಬದ ದಿನ ಅಂಗಡಿಗಳ ಬಾಗಿಲು ಹಾಕಿತ್ತು.

“ಅಂದಾಜಲ್ಲೇ ಮುಚ್ಬಿಡಾಣ ಸಾರ್,” ಎಂದರು ನಾಗರಾಜು.

“ಅಂದಾಜಲ್ಲಿ ಮುಚ್ಚಿದ್ರೆ ಮತ್ತೆ ಊಳಿಡುತ್ತೆ ಕಣ್ರೀ,” ಎಂದು ನಮ್ಮವರು ತಲೆ ಕೆಳಗೆ ಹಾಕಿದರು. ನನಗೆ ಗೆದ್ದ ಸಂತೋಷವಾಗಬೇಕಿತ್ತು. ಏಕೋ ಆಗಲಿಲ್ಲ.

“ಗಾಡಿ ಇದ್ದ ಹಾಗೇ ಪೂಜೆ ಮಾಡ್ತೀನಿ, ಸರೀರಿ,” ಎಂದು ಅರಿಸಿನದ ಬಟ್ಟಲು ಹಿಡಿದು ಬಂದೆ.

“ಏಯ್, ನೀರು ಹಾಕ್ಬೇಡ! ತುಕ್ಕು ಹಿಡಿಯುತ್ತೆ!” ಎಂದು ನಮ್ಮವರು ಕಿರುಚಿದರು.

ಸರಿ, ಹರಳೆಣ್ಣೆಯಲ್ಲಿ ಅರಿಸಿನ ಕಲಸಿದೆ. ಮುತ್ತೈದೆಯ ಪಾದಕ್ಕೆ ಹಚ್ಚುವ ಹಾಗೆ ದೊಡ್ಡ ಚಕ್ರದ ಹಲ್ಲುಹಲ್ಲಿಗೂ ಸವರಿದೆ. ಪೂರ್ತಿ ಹಚ್ಚಲೆಂದು ನಾಗರಾಜು ಚಕ್ರ ತಿರುಗಿಸಿಕೊಟ್ಟರು. ತಿರುಗಿಸಿದವರು ಹಾಗೇ ನಿಂತುಬಿಟ್ಟರು.

“ಸಾರ್, ಇಲ್ ನೋಡಿ. ಅಕ್ಕೋರ ಅರಿಸಿನ ಎಲ್ ಅಳಿಸೈತೆ!”

ಪ್ರತಿ ಹಲ್ಲಿನ ತುದಿಯಲ್ಲಿ ಮಾತ್ರ ಅರಿಸಿನ ಒರೆಸಿಹೋಗಿ ಉಕ್ಕು ಹೊಳೆಯುತ್ತಿತ್ತು. ನಮ್ಮವರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. “ಪುಟ್ಟ ಚಕ್ರ ಇನ್ನೂ ಒಳಗೆ ಹೋಗ್ಬೇಕು. ಹಿಂದೆ ಇನ್ನೊಂದು ತೆಳು ತಗಡು ಇಡಬೇಕು,” ಎಂದರು. ಆಮೇಲೆ ನನ್ನ ಕಡೆ ತಿರುಗಿ, ಬಹಳ ವಿನಯದಿಂದ, “ಇನ್ನೂ ಸ್ವಲ್ಪ ಅರಿಸಿನ ಕಲಸ್ತೀಯಾ?” ಎಂದರು.

ಕಲಸಿದೆ. ಮಧ್ಯಾಹ್ನ ಕಳಚಿ, ತಗಡಿಟ್ಟು, ಜೋಡಿಸಿ, ಮತ್ತೆ ಹಚ್ಚಿದೆವು. ಈ ಸಲ ಅರಿಸಿನ ಅಳಿಸಿದ್ದು ಹಲ್ಲಿನ ನಟ್ಟನಡುವೆ, ಹಣೆಗೆ ಬೊಟ್ಟಿಟ್ಟ ಹಾಗೆ. ನಾಗರಾಜು ಹೋಳಿಗೆ ತಿನ್ನುತ್ತಾ, “ನಮ್ಮಕ್ಕ ಮೆಕ್ಯಾನಿಕ್ಕು ಗುರುವೇ,” ಎಂದು ಬೀದಿಗೆಲ್ಲ ಸಾರಿದರು.

ಆದರೆ ಆಕ್ಸಲ್ ಗಾಡಿಗೆ ಸೇರಿ, ಚಕ್ರ ಏರಬೇಕಲ್ಲ? ಕತ್ತಲಾಗುತ್ತಾ ಬಂತು. ಗುಜರಿಯವನ ಫೋನ್ ಬಂತು. ನಮ್ಮವರು ಸ್ಪಾನರ್ ಹಿಡಿದ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಪ್ರಾಮಿಸ್ ಮಾಡಿದ ಮನುಷ್ಯ.

ನಾನು ಪಂಚಾಂಗ ತೆಗೆದು ನೋಡುವವಳೇ ಅಲ್ಲ. ಅಮಾವಾಸ್ಯೆಯೂ ಗೊತ್ತಾಗುವುದು ಕೆಲಸದ ಜಯಮ್ಮ ಹೇಳಿದರೆ. ಅವತ್ತು ಕನ್ನಡಕ ಹಾಕಿಕೊಂಡು ಹುಡುಕಿದೆ. “ನವಮಿ ನಾಳೆ ಬೆಳಿಗ್ಗೆವರೆಗೂ ಇದೆ ಕಣಪ್ಪ. ಆಯುಧಪೂಜೆ ಇನ್ನೂ ಮುಗಿದಿಲ್ಲ, ನೀನು ಬರಬೇಡ,” ಎಂದು ಫೋನಿಟ್ಟೆ. ಪೋರ್ಟಿಕೋದಲ್ಲಿ ಸ್ಪಾನರ್ ಮತ್ತೆ ಟಣಟಣ ಎಂದಿತು.

ಬೆಳಿಗ್ಗೆ ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟೆ. ಪಚ್, ಪಚ್. ಗಾಡಿ ಗೇಟು ದಾಟಿತು. ನಾನು ಎಡಸೀಟಿನಲ್ಲಿ, ಕಿವಿ ಕಿಟಕಿಯಲ್ಲಿ. ಮೊದಲ ತಿರುವು ಬಲಕ್ಕೆ. ಊಳಿಲ್ಲ, ನಾಯಿಗಳು ಕೂಡ ನಿರಾಸೆಯಿಂದ ಮಲಗಿದವು.

“ಕೇಳಿಸ್ತಾ?” ಎಂದರು ನಮ್ಮವರು.

“ಕೇಳಿಸ್ತು. ನೋಡಿ, ಈಗಲೂ ಹೊರಗಿನ ಚಕ್ರ ನನ್ನ ಕಡೇದೇ,” ಎಂದೆ, ಅಭ್ಯಾಸಬಲದಿಂದ.

ಅವರು ಮುಂದಿನ ಕ್ರಾಸಿನಲ್ಲಿ ಎಡಕ್ಕೆ ತಿರುಗಿಸಿದರು. ಉದ್ದನೆಯ ದಾರಿಯನ್ನು ಸುತ್ತಿ ಬಂದದ್ದು ಈಗ ಅವರ ಕಡೆಯ ಚಕ್ರ. ಹಿಂದೆ ಎಷ್ಟು ಎಡತಿರುವುಗಳಿದ್ದವೋ, ಅವುಗಳ ಬಗ್ಗೆ ಈ ಮನುಷ್ಯ ಒಂದು ದಿನವೂ ತುಟಿಪಿಟಕ್ ಅಂದಿರಲಿಲ್ಲ.

ಇದನ್ನು ಬಾಯಿಬಿಟ್ಟು ಹೇಳುವಷ್ಟು ಒಳ್ಳೆಯವಳು ನಾನಲ್ಲ. “ಮನೆಗೆ ಈಗಲೇ ಬೇಡ,” ಎಂದೆ. “ಪಾರ್ಕಿನ ಸುತ್ತ ಒಂದು ರೌಂಡ್ ಹಾಕಿ. ಎಡಕ್ಕೇ ತಿರುಗಿಸ್ತಾ ಹೋಗಿ. ನಾನು ಸ್ವಲ್ಪ ಒಳಗೆ ನಡೀತೀನಿ.”